ಗೆದ್ದೆತ್ತಿನ ಬಾಲ ಹಿಡಿಯದವರು



ವಿಶ್ವಕಪ್ ಫುಟ್ಬಾಲ್ ಪಂದ್ಯಗಳು ಬಂದವೆಂದರೆ ನಮ್ಮ ಬೀದಿಗಳಲ್ಲಿ ಒಂದು ತಮಾಷೆ ನಡೆಯುತ್ತದೆ. ದಕ್ಷಿಣ ಅಮೆರಿಕ ಭೂಪಟದ ಯಾವ ಮೂಲೆಯಲ್ಲಿದೆ ಎಂದು ಎಂದೂ ಹುಡುಕಿ ನೋಡದ ಹುಡುಗರು ಹಳದಿ ಅಂಗಿ ತೊಟ್ಟು ರಾತ್ರೋರಾತ್ರಿ ಬ್ರೆಜಿಲ್‌ನವರಾಗಿಬಿಡುತ್ತಾರೆ. ಪಕ್ಕದ ಮನೆಯ ಹುಡುಗ ನೀಲಿ ಬಿಳಿ ಪಟ್ಟಿಯ ಅಂಗಿ ತೊಟ್ಟು ಅರ್ಜೆಂಟೀನದವನಾಗುತ್ತಾನೆ. ಅಲ್ಲಿಯವರೆಗೆ ಸರಿ. ಆ ತಂಡ ಸೋತು ಊರಿಗೆ ಹೊರಟ ಮರುದಿನ ನೋಡಬೇಕು. ಹಳದಿ ಅಂಗಿ ಒಗೆಯುವ ಬಟ್ಟೆಯ ರಾಶಿ ಸೇರಿರುತ್ತದೆ, ಹುಡುಗ ಇನ್ನೊಂದು ದೇಶದ ಬಾವುಟ ಹಿಡಿದಿರುತ್ತಾನೆ. ನಮ್ಮ ಹಿರಿಯರು ಇದನ್ನೇ ಗೆದ್ದೆತ್ತಿನ ಬಾಲ ಹಿಡಿಯುವುದು ಎಂದರು.

ಮಕ್ಕಳಾಟದಲ್ಲಿ ಇದು ದೊಡ್ಡ ತಪ್ಪೇನಲ್ಲ. ಆದರೆ ನಿಜವಾದ ಅಭಿಮಾನಿ ಯಾರು ಎಂಬ ಪ್ರಶ್ನೆ ಅಷ್ಟು ಹಗುರವಾದದ್ದಲ್ಲ. ಅಂಗಿಗೆ ಹೆಚ್ಚು ದುಡ್ಡು ಕೊಟ್ಟವನೇ? ಹನ್ನೊಂದು ಆಟಗಾರರ ಹೆಸರನ್ನು ಉಸಿರು ಬಿಡದೆ ಒಪ್ಪಿಸುವವನೇ? ಟಿ.ವಿ. ಮುಂದೆ ಕುಳಿತು ರೆಫರಿಯ ವಂಶವನ್ನೆಲ್ಲಾ ಜಾಲಾಡುವವನೇ? ನಿಷ್ಠೆ ಎಂಬ ಮಾತನ್ನು ನಾವು ಆಟದ ಮೈದಾನದಲ್ಲಿ ಬಳಸುತ್ತೇವೆ, ಮದುವೆಯ ಪೀಠದ ಮುಂದೆಯೂ ಬಳಸುತ್ತೇವೆ. ಒಂದು ಕಡೆ ಅದು ಹೇಗೆ ಬೆಳೆಯುತ್ತದೆ ಎಂದು ತಿಳಿದರೆ ಇನ್ನೊಂದು ಕಡೆಯದೂ ಸ್ವಲ್ಪ ಅರ್ಥವಾದೀತು. ಅದಕ್ಕಾಗಿ ನಿಮ್ಮನ್ನು ಸ್ವಲ್ಪ ದೂರ, ಅರ್ಜೆಂಟೀನ ದೇಶದ ರಾಜಧಾನಿ ಬ್ಯೂನಸ್ ಐರಿಸ್‌ಗೆ ಕರೆದೊಯ್ಯುತ್ತೇನೆ.

ಆ ನಗರದಲ್ಲಿ ಅಲ್ಮಾಗ್ರೊ ಎಂಬ ಬಡಾವಣೆ ಇದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಬಡ ಕುಟುಂಬಗಳ, ವಲಸೆ ಬಂದ ಕುಟುಂಬಗಳ ಹುಡುಗರು ಬೀದಿಯಲ್ಲೇ ಚೆಂಡಾಡುತ್ತಿದ್ದರು. ಸಂತ ಜಾನ್ ಬೋಸ್ಕೊ ಅವರ ಸಲೇಷಿಯನ್ ಸಭೆಗೆ ಸೇರಿದ ಲೊರೆನ್ಸೊ ಮಾಸ್ಸಾ ಎಂಬ ಯುವ ಗುರುಗಳು ಅಲ್ಲಿದ್ದರು. ಒಂದು ದಿನ ಆಟದ ಭರದಲ್ಲಿದ್ದ ಹುಡುಗನೊಬ್ಬ ಟ್ರ್ಯಾಮ್ ಬಂಡಿಗೆ ಸಿಕ್ಕಿ ಸಾಯುವುದು ಕೂದಲೆಳೆಯಲ್ಲಿ ತಪ್ಪಿತಂತೆ. ಅದನ್ನು ಕಂಡ ಫಾದರ್ ಮಾಸ್ಸಾ ಹುಡುಗರನ್ನು ಗದರಿಸಿ ಓಡಿಸಲಿಲ್ಲ. ನಮ್ಮ ದೇವಾಲಯದ ಹಿತ್ತಲಿನಲ್ಲಿ ಜಾಗವಿದೆ, ಬಂದು ಆಡಿ ಎಂದರು. ಒಂದೇ ಒಂದು ಷರತ್ತು: ಭಾನುವಾರದ ಬಲಿಪೂಜೆ ತಪ್ಪಿಸಬಾರದು. ಆ ಕ್ಲಬ್ಬಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ ಇದು. (ಯುವಜನರು ಪೂಜೆಗೆ ಬರುವುದಿಲ್ಲವೆಂದು ಕೊರಗುವ ನಮ್ಮ ಪಾಲನಾ ಮಂಡಳಿಗಳು ದೇವಾಲಯದ ಮೈದಾನಕ್ಕೆ ಹಾಕಿರುವ ಬೀಗವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.)

1908ರ ಏಪ್ರಿಲ್ 1ರಂದು ಹುಡುಗರು ಸೇರಿ ಕ್ಲಬ್ ಕಟ್ಟಿದರು. ಗುರುಗಳ ಹೆಸರನ್ನೇ ಅದಕ್ಕೆ ಇಡಬೇಕೆಂದು ಹಟ ಹಿಡಿದರು. ಅವರು ಒಪ್ಪಲಿಲ್ಲ. ರೋಮಿನಲ್ಲಿ ರಕ್ತಸಾಕ್ಷಿಯಾದ ಸಂತ ಲಾರೆನ್ಸರ ಹೆಸರಾದರೆ ಆಗಲಿ ಎಂದರು. ಹಾಗೆ ಅದು ಸಾನ್ ಲೊರೆನ್ಸೊ ಆಯಿತು. ಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದು ಅಧಿಕಾರಿ ಕೇಳಿದಾಗ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಸಾಲಾಗಿ ಕರೆತಂದು ನಿಲ್ಲಿಸಿದವರು ಸಂತ ಲಾರೆನ್ಸರು ಎಂದು ಸಭೆಯ ಸಂಪ್ರದಾಯ ಹೇಳುತ್ತದೆ. ಬೀದಿ ಹುಡುಗರ ತಂಡಕ್ಕೆ ಇದಕ್ಕಿಂತ ತಕ್ಕ ಪಾಲಕ ಸಂತರು ಸಿಕ್ಕುವುದುಂಟೇ? ಗುರುಗಳ ಕಪ್ಪು ನಿಲುವಂಗಿಯನ್ನು ಹಂಗಿಸಿ ಎದುರಾಳಿಗಳು ಈ ತಂಡದವರನ್ನು 'ಕಾಗೆಗಳು' ಎಂದು ಕರೆದರು. ಇವರು ಸಿಟ್ಟಾಗಲಿಲ್ಲ, ಆ ಹೆಸರನ್ನೇ ಬಿರುದು ಮಾಡಿಕೊಂಡರು. ಇಂದಿಗೂ ಅವರು ತಮ್ಮನ್ನು ಕಾಗೆಗಳೆಂದೇ ಕರೆದುಕೊಳ್ಳುತ್ತಾರೆ.

ಮುಂದೆ ತಂಡ ದೊಡ್ಡದಾಯಿತು. ಅರ್ಜೆಂಟೀನದ ಐದು ದೊಡ್ಡ ತಂಡಗಳಲ್ಲಿ ಒಂದಾಯಿತು. ಬೊಯೆಡೊ ಎಂಬ ಬಡಾವಣೆಯಲ್ಲಿ 1916ರಿಂದ ಅದಕ್ಕೆ ಸ್ವಂತ ಕ್ರೀಡಾಂಗಣವಿತ್ತು. ಜನ ಅದನ್ನು ಗ್ಯಾಸೋಮೆಟ್ರೊ ಎಂದು ಕರೆಯುತ್ತಿದ್ದರು. ತಾತ, ಅಪ್ಪ, ಮಗ ಒಂದೇ ಬೆಂಚಿನ ಮೇಲೆ ಕುಳಿತು ಆಟ ನೋಡಿದ ಜಾಗ ಅದು. ದೇಶದಲ್ಲಿ ಸೇನೆಯ ಸರ್ವಾಧಿಕಾರವಿದ್ದ ದಿನಗಳಲ್ಲಿ, ಸಾಲದಲ್ಲಿ ಮುಳುಗಿದ್ದ ಕ್ಲಬ್ ಆ ಜಾಗವನ್ನು ಕಳೆದುಕೊಂಡಿತು. 1979ರ ಡಿಸೆಂಬರ್ 2ರಂದು ಅಲ್ಲಿ ಕೊನೆಯ ಪಂದ್ಯ ನಡೆಯಿತು. ಯಾರೂ ಗೋಲು ಹೊಡೆಯಲಿಲ್ಲ. ಆಮೇಲೆ ಕ್ರೀಡಾಂಗಣವನ್ನು ಕಿತ್ತುಹಾಕಿದರು, 1980ರ ದಶಕದಲ್ಲಿ ಆ ನೆಲದ ಮೇಲೆ ಒಂದು ಸೂಪರ್ ಮಾರ್ಕೆಟ್ ಎದ್ದಿತು. ಅಪ್ಪನ ಕೈ ಹಿಡಿದು ಗೋಲು ನೋಡಿದ ಜಾಗದಲ್ಲಿ ಸಾಬೂನು, ಬಿಸ್ಕತ್ತಿನ ಸಾಲು ಬಂದು ನಿಂತಿತು.

ಕಷ್ಟ ಒಂಟಿಯಾಗಿ ಬರುವುದಿಲ್ಲ. 1981ರ ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. ಆ ದಿನ ಪಂದ್ಯ ಸಮವಾಗಿದ್ದರೂ ಸಾಕಿತ್ತು. ಆದರೆ ಸಿಕ್ಕ ಪೆನಾಲ್ಟಿಯನ್ನೂ ಕಳೆದುಕೊಂಡು ಸಾನ್ ಲೊರೆನ್ಸೊ ಒಂದು ಗೋಲಿನಿಂದ ಸೋತಿತು, ಎರಡನೆಯ ದರ್ಜೆಗೆ ಇಳಿಯಿತು. ಐದು ದೊಡ್ಡ ತಂಡಗಳಲ್ಲಿ ಹಾಗೆ ಇಳಿದದ್ದು ಇದೇ ಮೊದಲು. ಮನೆಯಿಲ್ಲ, ಮರ್ಯಾದೆಯಿಲ್ಲ, ಕೈಯಲ್ಲಿ ಕಾಸಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಕೈಬಿಡಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಕೇ?

ಆದರೆ 1982ರಲ್ಲಿ ನಡೆದದ್ದನ್ನು ಕೇಳಿ. ಎರಡನೆಯ ದರ್ಜೆಯ ಪಂದ್ಯಗಳನ್ನು ಬೇರೆಯವರ ಮೈದಾನಗಳಲ್ಲಿ ಬಾಡಿಗೆಗೆ ಆಡುತ್ತಿದ್ದ ಈ ತಂಡವನ್ನು ನೋಡಲು ಜನ ಕಿಕ್ಕಿರಿದು ಬಂದರು. ಮೊದಲ ದರ್ಜೆಯ ಎಷ್ಟೋ ತಂಡಗಳಿಗೆ ಬಾರದಷ್ಟು ಜನ ಬಂದರು. ದೊಡ್ಡ ತಂಡವಾಗಿದ್ದಾಗ ಮನೆಯಲ್ಲಿ ಕುಳಿತಿದ್ದವರೂ ಈಗ ಎದ್ದು ಬಂದರು. ಮನೆಗೆ ಸಾವು ಬಂದಾಗ ವರ್ಷಗಳಿಂದ ಮಾತು ಬಿಟ್ಟಿದ್ದ ದಾಯಾದಿಗಳು ಬಾಗಿಲಲ್ಲಿ ಬಂದು ನಿಲ್ಲುವುದಿಲ್ಲವೇ, ಹಾಗೆ. ಅದೇ ವರ್ಷ ತಂಡ ಗೆದ್ದು ಮೇಲಿನ ದರ್ಜೆಗೆ ಮರಳಿತು. ಮರಳದೇ ಇದ್ದಿದ್ದರೂ ಆ ಜನ ಮುಂದಿನ ವಾರವೂ ಬರುತ್ತಿದ್ದರು ಎಂದೇ ನನ್ನ ನಂಬಿಕೆ. ಏಕೆಂದರೆ ಸ್ವಂತ ಮೈದಾನವೆಂಬುದು ಅವರಿಗೆ ಸಿಕ್ಕಿದ್ದು 1993ರ ಡಿಸೆಂಬರ್‌ನಲ್ಲಿ, ಅದೂ ಬೇರೊಂದು ಬಡಾವಣೆಯಲ್ಲಿ. ಹದಿನಾಲ್ಕು ವರ್ಷ ಅವರು ಬಾಡಿಗೆ ಮನೆಯಲ್ಲಿದ್ದ ಸಂಸಾರದಂತೆ ಊರೆಲ್ಲಾ ಅಲೆದರು. 1974ರಲ್ಲಿ ಪ್ರಶಸ್ತಿ ಪಡೆದ ಮೇಲೆ ಮತ್ತೆ ದೇಶದ ಚಾಂಪಿಯನ್ ಆದದ್ದು 1995ರಲ್ಲಿ. 1974ರಲ್ಲಿ ತೊಟ್ಟಿಲಲ್ಲಿದ್ದ ಮಗುವಿಗೆ ಆಗ ಮೀಸೆ ಬಂದಿತ್ತು.

ಪ್ರಿಯರೇ, ಈಗ ಜೆರುಸಲೇಮಿಗೆ ಬನ್ನಿ. ಗರಿಗಳ ಭಾನುವಾರ ಪ್ರಭು ಯೇಸು ಕತ್ತೆಯ ಮೇಲೆ ಕುಳಿತು ಪಟ್ಟಣ ಪ್ರವೇಶಿಸಿದಾಗ ದಾರಿಯುದ್ದಕ್ಕೂ ಜನ. ಮೈಮೇಲಿನ ಬಟ್ಟೆಯನ್ನೇ ನೆಲಕ್ಕೆ ಹಾಸಿದರು. ಗಂಟಲು ಹರಿಯುವಂತೆ ಜಯಘೋಷ ಮಾಡಿದರು. ನಮ್ಮ ಕಾಲವಾಗಿದ್ದರೆ ಪಟಾಕಿಯನ್ನೂ ಸಿಡಿಸುತ್ತಿದ್ದರೋ ಏನೋ. ಶುಕ್ರವಾರದ ಹೊತ್ತಿಗೆ ಎಷ್ಟು ಮಂದಿ ಉಳಿದರು? ಬೆರಳಲ್ಲಿ ಎಣಿಸಬಹುದು. ತಾಯಿ ಮರಿಯ, ಆಕೆಯ ಸಹೋದರಿ, ಕ್ಲೋಪನ ಹೆಂಡತಿ ಮರಿಯ, ಮಗ್ದಲದ ಮರಿಯ, ಪ್ರಭುವಿನ ಪ್ರೀತಿಯ ಶಿಷ್ಯ. ಸಂತ ಯೊವಾನ್ನರ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯ ಇವರನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಅವರು ಅಲ್ಲಿ ಏನು ಮಾಡಿದರು? ಭಾಷಣ ಮಾಡಲಿಲ್ಲ, ಸೈನಿಕರೊಂದಿಗೆ ಕಾದಾಡಲಿಲ್ಲ. ನಿಂತಿದ್ದರು ಎನ್ನುತ್ತದೆ ಶುಭಸಂದೇಶ, ಅಷ್ಟೇ. ಅವರು ನಿಂತದ್ದು ಗೆದ್ದವನ ಪಕ್ಕದಲ್ಲಲ್ಲ. ಆ ಶುಕ್ರವಾರದ ಮಧ್ಯಾಹ್ನ, ಕಣ್ಣಿಗೆ ಕಾಣುವ ಯಾವ ಲೆಕ್ಕದಲ್ಲಿ ನೋಡಿದರೂ, ಯೇಸು ಸೋತಿದ್ದರು.

ಸಾನ್ ಲೊರೆನ್ಸೊ ಕಥೆಯನ್ನು ನಾನು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವಿದೆ. ಆ ತಂಡದ ಸದಸ್ಯರ ಪಟ್ಟಿಯಲ್ಲಿ 88235ನೆಯ ಸಂಖ್ಯೆ ಯಾರದೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಖೋರ್ಖೆ ಮಾರಿಯೊ ಬೆರ್ಗೊಲ್ಯೊ, ಅಂದರೆ 2013ರ ಮಾರ್ಚ್ 13ರಂದು ಜಗದ್ಗುರುಗಳಾಗಿ ಆಯ್ಕೆಯಾದ ನಮ್ಮ ಪೋಪ್ ಫ್ರಾನ್ಸಿಸ್.

ಅವರು ಹುಟ್ಟಿದ್ದು 1936ರ ಡಿಸೆಂಬರ್ 17ರಂದು, ಬ್ಯೂನಸ್ ಐರಿಸ್‌ನ ಫ್ಲೋರೆಸ್ ಬಡಾವಣೆಯಲ್ಲಿ. ಸ್ನಾನದೀಕ್ಷೆ ಪಡೆದದ್ದು ಅದೇ ಕ್ರಿಸ್ತಜಯಂತಿಯ ದಿನ, ಅಲ್ಮಾಗ್ರೊದಲ್ಲಿರುವ ಕ್ರೈಸ್ತರ ಸಹಾಯಮಾತೆಯ ಸಲೇಷಿಯನ್ ಮಹಾದೇವಾಲಯದಲ್ಲಿ. ಫಾದರ್ ಮಾಸ್ಸಾ ಹುಡುಗರಿಗೆ ಹಿತ್ತಲು ಬಿಟ್ಟುಕೊಟ್ಟದ್ದೂ ಅದೇ ಅಲ್ಮಾಗ್ರೊದಲ್ಲಿ. ತಂದೆಯವರು ಸಾನ್ ಲೊರೆನ್ಸೊ ಕ್ಲಬ್ಬಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವರು. ಮನೆಮಂದಿಯೆಲ್ಲಾ ಗ್ಯಾಸೋಮೆಟ್ರೊಗೆ ಹೋಗುತ್ತಿದ್ದರು. 1946ರಲ್ಲಿ ತಂಡ ಚಾಂಪಿಯನ್ ಆದಾಗ ಹುಡುಗನಿಗೆ ಒಂಬತ್ತು ವರ್ಷ. ಆ ತಂಡವನ್ನು ಅವರು ಮುಪ್ಪಿನವರೆಗೂ ನೆನೆಯುತ್ತಿದ್ದರು. ತಾವು ಆಡುವಾಗ ಮಾತ್ರ ಅಷ್ಟಕ್ಕಷ್ಟೆ. ಕಾಲು ಮರದ ಹಾಗೆ ಎಂದು ಗೆಳೆಯರು ನಗುತ್ತಿದ್ದರಂತೆ, ಚಿಂದಿ ಬಟ್ಟೆಯ ಚೆಂಡಿನ ಆಟದಲ್ಲಿ ಗೋಲಿನ ಮುಂದೆ ನಿಲ್ಲಿಸುತ್ತಿದ್ದರಂತೆ. ಇದನ್ನು ಅವರೇ ಹೇಳಿಕೊಂಡಿದ್ದಾರೆ.

ಇನ್ನು ಮುಂದಿನದು ನನಗೆ ತುಂಬ ಹಿಡಿಸಿದ ಸಂಗತಿ. 1990ರ ಜುಲೈ 15, ಕಾರ್ಮೆಲ್ ಮಾತೆಯ ಹಬ್ಬದ ಹಿಂದಿನ ರಾತ್ರಿ. ಆಗ ಅವರು ಯೇಸುಸಭೆಯ ಒಬ್ಬ ಗುರು. ಜೊತೆಯ ಗುರುಗಳೊಂದಿಗೆ ಟಿ.ವಿ. ನೋಡುತ್ತಿದ್ದಾಗ ಪರದೆಯ ಮೇಲೆ ಮನಸ್ಸಿಗೆ ಹೇಸಿಗೆ ತರುವ ದೃಶ್ಯಗಳು ಬಂದವು. ಅವರು ಎದ್ದು ಹೋದರು. ಇನ್ನು ಮುಂದೆ ಟಿ.ವಿ. ನೋಡುವುದಿಲ್ಲವೆಂದು ಕಾರ್ಮೆಲ್ ಮಾತೆಗೆ ಮಾತು ಕೊಟ್ಟರು. ತೀರ ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಆ ಮಾತನ್ನು ಉಳಿಸಿಕೊಂಡರು. ಫುಟ್ಬಾಲ್ ಹುಚ್ಚಿನ ದೇಶದಲ್ಲಿ, ಫುಟ್ಬಾಲ್ ಹುಚ್ಚಿನ ಮನುಷ್ಯನೊಬ್ಬ ತನ್ನ ತಂಡದ ಆಟವನ್ನು ಪರದೆಯ ಮೇಲೆ ನೋಡುವುದನ್ನೇ ಬಿಟ್ಟುಬಿಟ್ಟರು! ತಂಡವನ್ನು ಬಿಟ್ಟರೇ? ಇಲ್ಲ. 2008ರಲ್ಲಿ ಕ್ಲಬ್ಬಿಗೆ ನೂರು ವರ್ಷ ತುಂಬಿದಾಗ ಆ ನಗರದ ಮಹಾಧರ್ಮಾಧ್ಯಕ್ಷರಾಗಿ ಬಲಿಪೂಜೆ ಅರ್ಪಿಸಿದರು, ಸದಸ್ಯತ್ವದ ಚೀಟಿ ಪಡೆದರು. ವ್ಯಾಟಿಕನ್‌ಗೆ ಬಂದ ಮೇಲೆ ಪ್ರತಿ ವಾರ ಒಬ್ಬ ಸ್ವಿಸ್ ಕಾವಲುಗಾರ ಪಂದ್ಯಗಳ ಫಲಿತಾಂಶವನ್ನೂ ಅಂಕಪಟ್ಟಿಯನ್ನೂ ಅವರಿಗೆ ತಲುಪಿಸುತ್ತಿದ್ದ. 2015ರಲ್ಲಿ ಅರ್ಜೆಂಟೀನದ ಪತ್ರಿಕೆಯೊಂದಕ್ಕೆ ಅವರೇ ಇದನ್ನು ತಿಳಿಸಿದರು.

2014ರ ಆಗಸ್ಟ್ 13ರಂದು ಸಾನ್ ಲೊರೆನ್ಸೊ ತಂಡ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಅತಿ ದೊಡ್ಡ ಪ್ರಶಸ್ತಿಯಾದ ಲಿಬರ್ತಡೋರೆಸ್ ಕಪ್ಪನ್ನು ತನ್ನ ಇತಿಹಾಸದಲ್ಲೇ ಮೊದಲ ಬಾರಿ ಗೆದ್ದಿತು. ದಶಕಗಳ ಕನಸು. ಒಂದೇ ವಾರದಲ್ಲಿ ಆಟಗಾರರು ಕಪ್ಪನ್ನು ಹೊತ್ತು ರೋಮಿಗೆ ಬಂದು ಜಗದ್ಗುರುಗಳ ಕೈಗಿತ್ತರು. ಆ ಕಪ್ಪನ್ನು ತಂದುಕೊಟ್ಟ ಪಂದ್ಯವನ್ನು ಅವರು ಟಿ.ವಿ.ಯಲ್ಲಿ ನೋಡಿರಲಿಲ್ಲ.

ನನಗೆ ಇಲ್ಲಿ ಪ್ರೇಷಿತ ತೋಮರ ನೆನಪಾಗುತ್ತದೆ. ಗಾಯದ ಗುರುತಿಗೆ ಬೆರಳಿಟ್ಟ ಹೊರತು ನಂಬುವುದಿಲ್ಲ ಎಂದವರು ಅವರು. ಪ್ರಭು ಅವರನ್ನು ತಳ್ಳಿಹಾಕಲಿಲ್ಲ, ಕಾಣದೆಯೇ ನಂಬುವವರು ಹೆಚ್ಚು ಧನ್ಯರೆಂದು ಮಾತ್ರ ತಿಳಿಸಿದರು. ಪ್ರೀತಿಸಿದ್ದನ್ನು ದಿನವೂ ಕಣ್ಣಿಂದ ಕಾಣಲೇಬೇಕು, ಕಂಡರೆ ಮಾತ್ರ ಪ್ರೀತಿ ಎನ್ನುವುದು ಮಕ್ಕಳ ನಡತೆ. ಕೊಲ್ಲಿ ದೇಶದಲ್ಲಿ ದುಡಿಯುವ ಗಂಡನಿಗಾಗಿ ಊರಿನಲ್ಲಿ ದೀಪ ಹಚ್ಚಿ ಜಪಸರ ಹೇಳುವ ಹೆಣ್ಣುಮಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತೆಗೆ ಕೊಟ್ಟ ಮಾತು, ತಂಡದ ಮೇಲಿನ ಮಮತೆ, ಎರಡರಲ್ಲಿ ಒಂದನ್ನು ಉಳಿಸಲು ಇನ್ನೊಂದನ್ನು ಬಲಿಕೊಡಬೇಕಾಗಲಿಲ್ಲ ಎಂಬುದನ್ನೂ ಗಮನಿಸಿ. ಯಾವುದು ಮೊದಲು ಎಂದು ಅವರಿಗೆ ಗೊತ್ತಿತ್ತು. ಮ್ಯಾಚ್ ಇದೆಯೆಂದು ಭಾನುವಾರದ ಪೂಜೆಗೆ ಚಕ್ಕರ್ ಹೊಡೆಯುವ ನಮ್ಮ ಕೆಲವು ಅಭಿಮಾನಿಗಳು ಫಾದರ್ ಮಾಸ್ಸಾ ಅವರ ಷರತ್ತನ್ನು ಇನ್ನೊಮ್ಮೆ ಓದಿಕೊಳ್ಳಲಿ.

ನಿಷ್ಠೆಯ ಹೆಸರಿನಲ್ಲಿ ನಡೆಯುವ ಇನ್ನೊಂದು ವಿಷಯವನ್ನು ಮುಚ್ಚಿಡುವಂತಿಲ್ಲ. ತನ್ನ ತಂಡವನ್ನು ಪ್ರೀತಿಸುವುದೆಂದರೆ ಎದುರಾಳಿಯನ್ನು ದ್ವೇಷಿಸುವುದು, ಸೋಲಿಸಿದವನನ್ನು ಕ್ಷಮಿಸದಿರುವುದು ಎಂದು ತಿಳಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. 1994ರ ವಿಶ್ವಕಪ್‌ನಲ್ಲಿ ಕೊಲಂಬಿಯ ದೇಶದ ಆಟಗಾರ ಆಂದ್ರೆಸ್ ಎಸ್ಕೊಬಾರ್ ಎದುರಾಳಿಯ ಚೆಂಡನ್ನು ತಡೆಯಲು ಕಾಲು ಚಾಚಿದರು. ಚೆಂಡು ತಮ್ಮದೇ ಗೋಲಿನೊಳಗೆ ಹೋಯಿತು. ಅದು ಜೂನ್ 22. ಕೊಲಂಬಿಯ ಸೋತು ಊರಿಗೆ ಮರಳಿತು. ಬದುಕು ಇಲ್ಲಿಗೇ ಮುಗಿಯುವುದಿಲ್ಲ ಎಂಬ ಅರ್ಥದ ಬರಹವೊಂದನ್ನು ಆತ ಪತ್ರಿಕೆಗೆ ಬರೆದರು. ಜುಲೈ 2ರ ನಸುಕಿನಲ್ಲಿ ಸ್ವಂತ ಊರು ಮೆಡಲಿನ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27, ಮದುವೆ ಗೊತ್ತಾಗಿತ್ತು. ಕೊಂದವನು ಮಾದಕವಸ್ತು ವ್ಯಾಪಾರಿಗಳ ಬಳಿ ಡ್ರೈವರ್ ಆಗಿದ್ದವನು. ಅವನನ್ನು ಅಭಿಮಾನಿ ಎಂದು ಕರೆಯುವುದು ಆ ಪದಕ್ಕೇ ಅವಮಾನ. ಆದರೂ ಅಂದು ಆ ಗೋಲಿನ ಮಾತೆತ್ತಿಯೇ ಜಗಳ ಹುಟ್ಟಿತೆಂದು ಕಂಡವರು ಹೇಳಿದರು. ಕೊಲಂಬಿಯ ನಮ್ಮಂತೆಯೇ ಜಪಸರ ಹಿಡಿಯುವ ಜನರ ನಾಡು. ತನ್ನವನು ಎಡವಿದಾಗ ಅವನ ಮೇಲೆಯೇ ಕಲ್ಲೆತ್ತುವ ಮನಸ್ಸು ಎಲ್ಲಿಂದ ಬರುತ್ತದೆ? ಗೆಲುವನ್ನು ದೇವರ ಪೀಠದಲ್ಲಿ ಕೂರಿಸಿದಾಗ ಬರುತ್ತದೆ. ಗೆಲುವಿಗೆ ನಿಷ್ಠನಾದವನು ತಂಡಕ್ಕೆ ನಿಷ್ಠನಲ್ಲ.

ಮೆಡಲಿನ್ ಘಟನೆಗೆ ಐದು ವರ್ಷ ಮೊದಲು ಇಂಗ್ಲೆಂಡಿನ ಲಿವರ್‌ಪೂಲ್ ಜನ ಬೇರೊಂದು ಬಗೆಯ ನಿಷ್ಠೆಯನ್ನು ತೋರಿಸಿದ್ದರು. 1989ರ ಏಪ್ರಿಲ್ 15, ಶನಿವಾರ. ಶೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣಕ್ಕೆ ತಮ್ಮ ತಂಡದ ಆಟ ನೋಡಲು ಹೋದ ಲಿವರ್‌ಪೂಲ್ ಅಭಿಮಾನಿಗಳು ನೂಕುನುಗ್ಗಲಿನಲ್ಲಿ ಕಂಬಿಗಳಿಗೆ ಸಿಕ್ಕಿ ನಲುಗಿ ಸತ್ತರು. ಅಂದು ಪಟ್ಟ ಪೆಟ್ಟಿನಿಂದ ಮುಂದೆ ತೀರಿಹೋದವರೂ ಸೇರಿ ಸತ್ತವರು 97 ಮಂದಿ. ಮಾರನೆಯ ಭಾನುವಾರ ಲಿವರ್‌ಪೂಲಿನ ಕಥೋಲಿಕ ಪ್ರಧಾನಾಲಯದಲ್ಲಿ ಮೃತರಿಗಾಗಿ ಬಲಿಪೂಜೆ ನಡೆಯಿತು. ಜನ ಒಳಗೂ ಹೊರಗೂ ತುಂಬಿ ನಿಂತರು. ಅದೇ ಊರಿನಲ್ಲಿ ಎವರ್ಟನ್ ಎಂಬ ಇನ್ನೊಂದು ತಂಡವಿದೆ, ಲಿವರ್‌ಪೂಲ್ ತಂಡದ ಬದ್ಧ ಎದುರಾಳಿ. ಆಗ ಎರಡೂ ಮೈದಾನಗಳ ನಡುವೆ ಒಂದು ಉದ್ಯಾನವನವಿತ್ತು. ಒಂದು ವಾರ ಕಳೆದ ಮೇಲೆ ಎರಡೂ ತಂಡಗಳ ಅಭಿಮಾನಿಗಳು ತಮ್ಮ ಕೊರಳಿನ ನೀಲಿ, ಕೆಂಪು ಪಟ್ಟಿಗಳನ್ನು ಬಿಚ್ಚಿ ಒಂದಕ್ಕೊಂದು ಗಂಟು ಹಾಕಿ ಆ ಮೈದಾನದಿಂದ ಈ ಮೈದಾನದವರೆಗೆ ಎಳೆದರು. ಪರರ ಬಣ್ಣವನ್ನು ತನ್ನ ಬಣ್ಣಕ್ಕೆ ಗಂಟು ಹಾಕಿದ್ದರಿಂದ ಯಾರ ನಿಷ್ಠೆಯೂ ಕಡಿಮೆಯಾಗಲಿಲ್ಲ.

ಅಷ್ಟಕ್ಕೇ ಅದು ಮುಗಿಯಲಿಲ್ಲ. ಸತ್ತವರೇ ಕುಡಿದು ದಾಂಧಲೆ ಮಾಡಿದರು, ತಪ್ಪು ಅವರದೇ ಎಂದು ಸುಳ್ಳು ಹಬ್ಬಿತು. ಪತ್ರಿಕೆಯಲ್ಲಿ ಅಚ್ಚಾಯಿತು. 1991ರಲ್ಲಿ ನ್ಯಾಯದ ಕಟ್ಟೆಯೂ ಇದನ್ನು ಆಕಸ್ಮಿಕ ಸಾವು ಎಂದಿತು. ತಾಯಂದಿರು, ತಂದೆಯಂದಿರು, ಜೊತೆಗೆ ನಿಂತಿದ್ದ ಅಭಿಮಾನಿಗಳು ಬಿಡಲಿಲ್ಲ. 2016ರ ಏಪ್ರಿಲ್ 26ರಂದು ಹೊಸ ತೀರ್ಪು ಬಂತು: ಇದು ಆಕಸ್ಮಿಕವಲ್ಲ, ಕಾನೂನುಬಾಹಿರ ಸಾವು, ಅಭಿಮಾನಿಗಳ ತಪ್ಪು ಏನೂ ಇಲ್ಲ. ಇಪ್ಪತ್ತೇಳು ವರ್ಷ ಹಿಡಿಯಿತು! ಅಷ್ಟರಲ್ಲಿ ಆ ತಾಯಂದಿರಲ್ಲಿ ಕೆಲವರು ಕಣ್ಣು ಮುಚ್ಚಿದ್ದರು. ಸತ್ತವರ ಒಳ್ಳೆಯ ಹೆಸರನ್ನು ಕಾಯುವುದೂ ಬದುಕಿರುವವರ ನಿಷ್ಠೆಯೇ. ಮೃತರಿಗಾಗಿ ಪ್ರಾರ್ಥಿಸುವ ನಮಗೆ ಇದು ಹೊಸ ಮಾತಲ್ಲ.

ನಿಷ್ಠೆಯೆಂದರೆ ಬಾಯಿ ಮುಚ್ಚಿ ಕುಳಿತಿರುವುದು ಎಂದೂ ಯಾರೂ ತಿಳಿಯಬಾರದು. ಕಳೆದುಹೋದ ನೆಲಕ್ಕಾಗಿ ಸಾನ್ ಲೊರೆನ್ಸೊ ಜನ 2012ರಲ್ಲಿ ರಾಜಧಾನಿಯ ನಡುಮಧ್ಯದ ಮೇ ಚೌಕದಲ್ಲಿ ಲಕ್ಷದ ಲೆಕ್ಕದಲ್ಲಿ ಸೇರಿದರು. ಆ ವರ್ಷವೇ ನಗರದ ಶಾಸನಸಭೆ ಆ ಜಾಗವನ್ನು ಕ್ಲಬ್ಬಿಗೆ ಮರಳಿಸುವ ಕಾನೂನು ಮಾಡಿತು. ಜಾಗ ಕೊಳ್ಳುವ ಹಣಕ್ಕಾಗಿ ಸಾಮಾನ್ಯ ಜನ ಒಂದೊಂದು ಚದರ ಮೀಟರಿನ ಲೆಕ್ಕದಲ್ಲಿ ದುಡ್ಡು ಕಟ್ಟಿದರು. 2019ರ ಜುಲೈ 1ರಂದು ಬೊಯೆಡೊದ ನೆಲ ಮತ್ತೆ ಅವರದಾಯಿತು. ಧರ್ಮಕೇಂದ್ರದ ಲೆಕ್ಕಪತ್ರ ಕೇಳಿದವನನ್ನು ಸಭಾದ್ರೋಹಿ ಎಂದು ನೋಡುವ ನಮ್ಮ ಅಭ್ಯಾಸವನ್ನು ನಾವು ಬಿಡಬೇಕು. ಮನೆ ತನ್ನದು ಎಂದುಕೊಂಡವನೇ ಸೋರುವ ಹೆಂಚನ್ನು ತೋರಿಸುವವನು. ಬಾಡಿಗೆಯವನು ಬಕೆಟ್ ಇಟ್ಟು ಸುಮ್ಮನಾಗುತ್ತಾನೆ.

ಈಗ ನಮ್ಮ ಮನೆಗಳಿಗೆ ಬರೋಣ. ಊರಹಬ್ಬದ ದಿನ ತೇರಿನ ಹಗ್ಗ ಹಿಡಿಯಲು ಜಾಗ ಸಿಕ್ಕುವುದಿಲ್ಲ. ಬೆಂಗಳೂರಿನಿಂದ, ಮುಂಬಯಿಯಿಂದ ಬಸ್ಸು ತುಂಬಿ ಬರುತ್ತಾರೆ, ಬ್ಯಾಂಡು ಬಾರಿಸುತ್ತದೆ. ಬರಲಿ, ಅದು ಸಂತೋಷವೇ. ಆದರೆ ಆಷಾಢದ ಮಳೆಯಲ್ಲಿ, ವಾರದ ದಿನದ ಬೆಳಗಿನ ಪೂಜೆಗೆ ಉಪದೇಶಿಯೂ ನಾಲ್ಕು ಅಜ್ಜಿಯರೂ ಒಂದು ಛತ್ರಿಯ ಕೆಳಗೆ ಬರುತ್ತಾರಲ್ಲ, ಧರ್ಮಕೇಂದ್ರ ನಿಂತಿರುವುದು ಅವರ ಮೇಲೆ. ಇಷ್ಟದ ಗುರುಗಳು ವರ್ಗವಾದರೆಂದು ಪಕ್ಕದ ದೇವಾಲಯ ಹುಡುಕಿಕೊಂಡು ಹೋಗುವವರಿದ್ದಾರೆ. ಹೊಸ ಗುರುಗಳ ಪ್ರಬೋಧನೆ ಸಪ್ಪೆ ಎನ್ನುತ್ತಾರೆ. ಸಪ್ಪೆಯಾಗಿಯೇ ಇರಬಹುದು, ಬರೆಯುವ ನಮಗೂ ಅದು ಗೊತ್ತು! ಆದರೆ ನೀವು ಸ್ನಾನದೀಕ್ಷೆ ಪಡೆದದ್ದು ಪ್ರಬೋಧಕನ ಹೆಸರಿನಲ್ಲಲ್ಲ.

ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಮೊದಲ ದರ್ಜೆ ಬಂದವನ ಮನೆಗೆ ನೆಂಟರು ಸಿಹಿ ತಿನ್ನಲು ಬರುತ್ತಾರೆ. ಫೇಲಾದವನ ಮನೆಯ ಬಾಗಿಲು ಹಾಕಿರುತ್ತದೆ. ಒಳಗೆ ಹುಡುಗ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. ಅಪ್ಪ ಆ ಬಾಗಿಲು ತೆರೆದು ಏನು ಹೇಳುತ್ತಾನೆ? ಎರಡನೆಯ ದರ್ಜೆಗೆ ಇಳಿದ ತಂಡಕ್ಕೆ ಆ ಜನ ಹೇಳಿದ್ದನ್ನೇ ಹೇಳಬಲ್ಲನೇ, ಅಥವಾ ಪಕ್ಕದ ಮನೆಯ ಹುಡುಗನ ಅಂಕಗಳನ್ನು ಎಣಿಸಿ ತೋರಿಸುತ್ತಾನೇ? ಆ ಒಂದು ಸಂಜೆಯ ಮಾತು ಹುಡುಗನ ಬದುಕನ್ನು ಉಳಿಸಲೂಬಹುದು, ಕಳೆಯಲೂಬಹುದು. ಪತ್ರಿಕೆ ಓದುವವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಲಕ್ವ ಹೊಡೆದು ಮಲಗಿದ ಗಂಡನಿಗೆ ವರ್ಷಗಟ್ಟಲೆ ಗಂಜಿ ತಿನ್ನಿಸುವ ಹೆಂಡತಿಯರು, ಮರೆವಿನ ಕಾಯಿಲೆಯಿಂದ ತನ್ನ ಹೆಸರನ್ನೇ ಮರೆತ ಹೆಂಡತಿಯ ತಲೆಗೂದಲನ್ನು ದಿನವೂ ಬಾಚುವ ಗಂಡಂದಿರು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಅವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮುಂದಿನ ವಾರ ಗೆಲ್ಲುತ್ತೇವೆ ಎಂಬ ಆಸೆಯೂ ಅವರಿಗಿಲ್ಲ. ಪೀಠದ ಮುಂದೆ ನಿಂತು ಕಷ್ಟದಲ್ಲಿಯೂ ಸುಖದಲ್ಲಿಯೂ ಎಂದು ಮಾತು ಕೊಟ್ಟ ದಿನ ಅವರು ಕೈಯಲ್ಲಿ ಯಾವ ಅಂಕಪಟ್ಟಿಯನ್ನೂ ಹಿಡಿದಿರಲಿಲ್ಲ. ಕಫೆರ್ನವುಮಿನಲ್ಲಿ ಪ್ರಭುವಿನ ಮಾತು ಕಠಿಣವಾಯಿತೆಂದು ಜನ ಗುಂಪುಗುಂಪಾಗಿ ಬಿಟ್ಟು ಹೋದಾಗ, ನೀವೂ ಹೊರಟಿರಾ ಎಂದು ಅವರು ಹನ್ನೆರಡು ಮಂದಿಯನ್ನು ಕೇಳಿದರು. ಎಲ್ಲವೂ ಅರ್ಥವಾಯಿತು ಎಂದು ಪೇತ್ರ ಉತ್ತರ ಕೊಡಲಿಲ್ಲ. ಹೋಗುವುದಾದರೂ ಯಾರ ಬಳಿಗೆ ಎಂದರು. ಇದೇ ಪೇತ್ರ ಕೋಳಿ ಕೂಗುವ ಮುನ್ನ ಮೂರು ಬಾರಿ ಎಡವಿದರು ಎಂಬುದೂ ನಮಗೆ ಗೊತ್ತು. ಆದರೆ ಅವರು ಅತ್ತರು, ಮರಳಿದರು. ಎಸ್ಕೊಬಾರನಿಗೆ ಅವನ ಊರು ಕೊಡದ ಇನ್ನೊಂದು ಅವಕಾಶವನ್ನು ಪ್ರಭು ಪೇತ್ರನಿಗೆ ಕೊಟ್ಟರು, ಸರೋವರದ ದಡದಲ್ಲಿ ಬೆಳಗಿನ ಉಪಾಹಾರ ಮಾಡಿಸಿ ಕೊಟ್ಟರು.

2025ರ ಏಪ್ರಿಲ್ 21ರಂದು, ಪಾಸ್ಖ ಹಬ್ಬದ ಮರುದಿನ ಸೋಮವಾರ, 88235ನೆಯ ಸದಸ್ಯರು ತಮ್ಮ 88ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಹಿಂದಿನ ದಿನವಷ್ಟೇ ಉಸಿರಿಗೆ ಕಷ್ಟಪಡುತ್ತಲೇ ಸಂತ ಪೇತ್ರರ ಮಹಾದೇವಾಲಯದ ಮಾಳಿಗೆಯಿಂದ ಜನರನ್ನು ಆಶೀರ್ವದಿಸಿದ್ದರು.

ಆ ಮೊದಲ ಪಾಸ್ಖದ ಬೆಳಗನ್ನು ಒಮ್ಮೆ ನೆನೆಯಿರಿ. ಶಿಲುಬೆಯ ಬಳಿ ನಿಂತಿದ್ದ ಹೆಣ್ಣುಮಕ್ಕಳು ಸೂರ್ಯ ಮೂಡುವಾಗಲೇ ಸಮಾಧಿಯ ಕಡೆ ಹೊರಟಿದ್ದರು. ಪುನರುತ್ಥಾನವನ್ನು ನೋಡಲು ಹೊರಟವರಲ್ಲ ಅವರು, ಆ ಸುದ್ದಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಸತ್ತವನ ಮೈಗೆ ಹಚ್ಚಲು ಸುಗಂಧದ್ರವ್ಯ ಹಿಡಿದುಕೊಂಡಿದ್ದರು. ಬಾಗಿಲಿಗೆ ಅಡ್ಡವಿರುವ ಅಷ್ಟು ದೊಡ್ಡ ಬಂಡೆಯನ್ನು ಸರಿಸಿಕೊಡುವವರು ಯಾರು ಎಂದು ದಾರಿಯುದ್ದಕ್ಕೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಉತ್ತರ ಸಿಕ್ಕಿರಲಿಲ್ಲ. ಆದರೂ ನಡೆಯುತ್ತಲೇ ಇದ್ದರು.